ನಿಂತ ರಕ್ತ ಮತ್ತೆ ಹರಿಯುವ ಹೊತ್ತು

ಸಣ್ಣ ಊರುಗಳ ಆಸ್ಪತ್ರೆಗೆ ಹೊಸದಾಗಿ ಹೊರಟಿರುವ ವೈದ್ಯರಿಗೆ ಹೃದಯಾಘಾತದ ಬಗ್ಗೆ ನಾನು ಕಲಿಸಬೇಕಾದ್ದು ಏನೂ ಉಳಿದಿಲ್ಲ. ನಾನು ಬಳಸುತ್ತಿದ್ದ ಔಷಧಿಗಳಲ್ಲಿ ಎಷ್ಟೋ ಈಗ ಮೂಲೆ ಸೇರಿವೆ. ಆದರೆ ‘ರಕ್ತದ ಹರಿವನ್ನು ಆದಷ್ಟು ಬೇಗ ಮರಳಿಸಬೇಕು’ ಎಂದು ಪುಸ್ತಕದಲ್ಲಿ ಒಂದು ಸಾಲಿಗೆ ಮುಗಿದುಹೋಗುವ ಮಾತು, ಹೊರಗೆ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿರುವಾಗ, ರೋಗಿಯ ಅಣ್ಣ ಬಾಗಿಲಲ್ಲಿ ಕೂಗಾಡುತ್ತಿರುವಾಗ ಹೇಗಿರುತ್ತದೆ ಎಂಬುದನ್ನು ಅನುಭವಿಸಿದವರು ಹೇಳಬೇಕು. ನನ್ನ ಹುದ್ದೆ, ಬಡ್ತಿಗಳ ವಿಷಯ ಬಿಟ್ಟು ಅದನ್ನಷ್ಟೇ ಬರೆಯುತ್ತೇನೆ.

ನಾನು ಕೆಲಸ ಮಾಡಿದ್ದು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಬದಿಯ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ. ಆ ಆಸ್ಪತ್ರೆ ಈಗಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿಗೆ ಹೋದಾಗ ಸುತ್ತಲಿನ ಹಳ್ಳಿಗಳವರು ಬಹಳ ಸಂತೋಷಪಟ್ಟರು. ಹೆಂಗಸು ಅಂದಮೇಲೆ ಹೆರಿಗೆ ಡಾಕ್ಟರೇ ಇರಬೇಕು ಎಂದುಕೊಂಡಿದ್ದರು. ನಾನು ಓದಿದ್ದು ಹೃದಯ, ಶ್ವಾಸಕೋಶ, ಸಕ್ಕರೆ ಕಾಯಿಲೆ, ಜ್ವರಗಳನ್ನು. ಎದೆ ಹಿಡಿದುಕೊಂಡು ಬಂದ ಗಂಡಸರು ಬಾಗಿಲಲ್ಲಿ ನನ್ನನ್ನು ನೋಡಿ ತಡೆದು ನಿಲ್ಲುತ್ತಿದ್ದರು. “ಗಂಡಸ್ ಡಾಕ್ಟ್ರು ಯಾರೂ ಇಲ್ವಾ ಸಿಸ್ಟರೇ?” ಎಂದು ನನ್ನೆದುರಿಗೇ ಕೇಳುತ್ತಿದ್ದರು. ಸಿಸ್ಟರ್ ಏಲಿಯಮ್ಮ ಕೇರಳದ ಮಾನಂದವಾಡಿ ಕಡೆಯವರು, ಎಚ್.ಡಿ. ಕೋಟೆ ದಾಟಿದರೆ ಅವರ ತೌರು. “ಇವರೇ ಗಂಡಸ್ ಡಾಕ್ಟ್ರು, ಶರ್ಟ್ ಬಿಚ್ಚಿ ಮಲಗಿ” ಎಂದು ಅವರು ಗದರಿದರೆ ಮೀಸೆ ಹೊತ್ತ ಗೌಡರೂ ತೆಪ್ಪಗೆ ಮಲಗುತ್ತಿದ್ದರು.

ಆಗ ಹೃದಯಾಘಾತಕ್ಕೆ ನಮ್ಮಲ್ಲಿದ್ದ ಚಿಕಿತ್ಸೆ ಎಂದರೆ ನೋವಿಗೆ ಇಂಜೆಕ್ಷನ್, ನಾಲಿಗೆಯ ಕೆಳಗೊಂದು ಮಾತ್ರೆ, ಆಸ್ಪಿರಿನ್, ಆಮ್ಲಜನಕ, ಆಮೇಲೆ ಕಾಯುವುದು. ಜೀವ ಗಟ್ಟಿಯಿದ್ದವರು ಉಳಿಯುತ್ತಿದ್ದರು. ಉಳಿದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಅಲುಗಾಡದಂತೆ ಮಲಗಿಸುತ್ತಿದ್ದೆವು. ಉಳಿದರು ಎಂದು ನಾವೂ ನಿಟ್ಟುಸಿರು ಬಿಡುತ್ತಿದ್ದೆವು. ಉಳಿಯುವುದು ಎಂದರೇನು ಎಂದು ನನಗೆ ತಿಳಿಸಿದವನು ಭೇರ್ಯದ ನಂಜೇಗೌಡ.

ಅವನು ಕಂಪಲಾಪುರದ ಮಗಳ ಮನೆಗೆ ಬಂದಿದ್ದಾಗ ಎದೆನೋವು ಬಂತು. ನಮ್ಮಲ್ಲಿಗೆ ಕರೆತಂದರು. ಆಳು ಹೇಗಿದ್ದ ಎಂದರೆ ಮಂಚ ಸಾಲದೆ ಕಾಲು ಹೊರಗೆ ಚಾಚಿದ್ದವು. ಭತ್ತದ ಮೂಟೆಯನ್ನು ಯಾರ ಕೈಯೂ ಇಲ್ಲದೆ ಹೆಗಲಿಗೇರಿಸುವವನು ಎಂದು ಅಳಿಯ ಹೆಮ್ಮೆಯಿಂದ ಹೇಳಿದ. ಎರಡು ದಿನ ಭಯದಲ್ಲಿ ಕಳೆದ ಮೇಲೆ ನೋವು ಹೋಯಿತು, ರಕ್ತದೊತ್ತಡ ಹದಕ್ಕೆ ಬಂತು. ಕೆಲವು ವಾರ ಮಲಗಿಸಿದ ಮೇಲೆ ನಡೆದುಕೊಂಡೇ ಮನೆಗೆ ಹೋದ. ಆ ದಿನ ಏಲಿಯಮ್ಮ ಎಲ್ಲರಿಗೂ ಚಹಾ ಕುಡಿಸಿದರು.

ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಅದೇ ನಂಜೇಗೌಡನನ್ನು ಇಬ್ಬರು ಹಿಡಿದುಕೊಂಡು ಬಂದರು. ಕಾಲು ಊದಿ ಹೊಳೆಯುತ್ತಿದ್ದವು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯೆಲ್ಲ ಗೋಡೆಗೆ ಒರಗಿ ಕೂರುತ್ತಿದ್ದನಂತೆ. ಒಂದು ಮಾತು ಆಡಿ, ಉಸಿರು ತೆಗೆದುಕೊಂಡು, ಇನ್ನೊಂದು ಮಾತು ಆಡಬೇಕು. ನಾನು ನಾಡಿ ಹಿಡಿದಾಗ ಅವನು ನನ್ನ ಮುಖವನ್ನೇ ನೋಡುತ್ತಾ ಹೇಳಿದ:

“ಜೀವ ಉಳ್ಸುದ್ರಿ ಕಣ್ ತಾಯಿ. ಬಾಳಾಟ ಉಳೀನಿಲ್ಲ.”

ಬೈಗುಳವಾಗಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದ. ಆ ಚಳಿಗಾಲ ದಾಟಲಿಲ್ಲ.

ಹೃದಯವೂ ಒಂದು ಮಾಂಸಖಂಡ. ಮೈಗೆಲ್ಲ ರಕ್ತ ತಳ್ಳುವ ಅದಕ್ಕೆ ತನ್ನ ಪಾಲಿನ ರಕ್ತ ತೆಂಗಿನ ಕಡ್ಡಿಯಷ್ಟು ದಪ್ಪದ ನಾಳಗಳಿಂದ ಬರಬೇಕು. ಅದರಲ್ಲಿ ಹೆಪ್ಪುಗಟ್ಟಿದರೆ ಮುಂದಿನ ಮಾಂಸ ಉಸಿರುಗಟ್ಟುತ್ತದೆ. ಕೆ.ಆರ್. ನಗರದ ಕಡೆಯವರಿಗೆ ನಾನು ನಾಲೆಯ ಉದಾಹರಣೆ ಕೊಡುತ್ತಿದ್ದೆ. ತೂಬು ಮುಚ್ಚಿದ ಕೂಡಲೇ ಪೈರು ಸಾಯುವುದಿಲ್ಲ. ಮೊದಲು ಬಾಡುತ್ತದೆ, ಆಮೇಲೆ ಒಂದು ಅಂಚಿನಿಂದ ಒಣಗುತ್ತಾ ಬರುತ್ತದೆ. ಗದ್ದೆಗೆ ದಿನಗಳ ಗಡುವಿದ್ದರೆ ಹೃದಯಕ್ಕೆ ಇರುವುದು ಕೆಲವೇ ತಾಸು. ನಾವು ನಂಜೇಗೌಡನನ್ನು ಮಲಗಿಸಿ, ನೋವು ತಗ್ಗಿಸಿ ಕಾಯುತ್ತಿದ್ದಾಗ ಅವನ ಹೃದಯದ ಮುಂಭಾಗ ಇಂಚಿಂಚಾಗಿ ಸಾಯುತ್ತಿತ್ತು. ಅದನ್ನು ತಡೆಯುವ ಸಾಧನ ಆಗ ನಮ್ಮ ಕೈಯಲ್ಲಿರಲಿಲ್ಲ.

ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಎಂಬ ಔಷಧಿ ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತ್ತು. ನಮ್ಮಲ್ಲೂ ತರಿಸೋಣ ಎಂದು ನಾನು ಮುಖ್ಯ ವೈದ್ಯರಾದ ಡಾ. ರಾಮರಾಯರನ್ನು ಕೇಳಿದೆ. ಅವರು ಹಳೆಯ ಕಾಲದ ಸರ್ಜನ್, ನಿವೃತ್ತಿಗೆ ಹತ್ತಿರ. ಕೈ ಬಹಳ ಶುದ್ಧ, ಬಾಯಿ ಸ್ವಲ್ಪ ಖಾರ.

“ಹರಿಯೋ ರಕ್ತ ನಿಲ್ಲಿಸೋದು ನನ್ನ ಕೆಲಸ, ನಿಂತ ರಕ್ತ ಹರಿಸೋದು ನಿಮ್ಮ ಕೆಲಸ ಅಂತೀರಿ. ಇಬ್ಬರೂ ಒಂದೇ ಕಟ್ಟಡದಲ್ಲಿ ಹೇಗಮ್ಮ ಇರೋದು?” ಎಂದರು.

“ಸರ್, ಮೈಸೂರು ತಲುಪೋ ಹೊತ್ತಿಗೆ ಉಳಿಸೋಕೆ ಏನೂ ಉಳಿದಿರಲ್ಲ.”

“ತಲೆಯೊಳಗೆ ರಕ್ತ ಒಡೆದರೆ? ಹೊಟ್ಟೆಯೊಳಗೆ ಒಡೆದರೆ? ಇಲ್ಲಿ ಯಾವ ರಕ್ತನಿಧಿ ಇದೆ? ಆ ಔಷಧಿ ಹೃದಯದ ಹೆಪ್ಪು ಯಾವುದು, ಮಿದುಳಿನ ಗಾಯ ಯಾವುದು ಅಂತ ಕೇಳಿಕೊಂಡು ಹೋಗುತ್ತಾ?”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಿಂಗಳುಗಟ್ಟಲೆ ಈ ವಾದ ನಡೆಯಿತು. ಕೊನೆಗೆ ಒಂದು ದಿನ ಏನೂ ಹೇಳದೆ ಎರಡು ಸೀಸೆ ತರಿಸಿ, ಶಸ್ತ್ರಚಿಕಿತ್ಸೆಯ ಕೋಣೆಯ ಫ್ರಿಜ್ಜಿನಲ್ಲಿ ಇಟ್ಟು, ಬೀಗ ಹಾಕಿ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. “ನನ್ನ ಕೇಳದೆ ಮುಟ್ಟಬೇಡಿ” ಎಂದರು.

ಆ ಕೀಲಿ ಹೊರಗೆ ಬಂದದ್ದು ತಂಬಾಕು ಬೇಯಿಸುವ ಕಾಲದಲ್ಲಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಆ ದಿನಗಳಲ್ಲಿ ಹಳ್ಳಿಹಳ್ಳಿಯಲ್ಲೂ ಬ್ಯಾರನ್ ಉರಿಯುತ್ತಿರುತ್ತದೆ. ಎತ್ತರದ ಆ ಕೋಣೆಯೊಳಗೆ ಎಲೆ ಕಟ್ಟಿದ ಕೋಲುಗಳನ್ನು ಸಾಲಾಗಿ ನೇತುಹಾಕಿ, ಕೆಳಗಿನ ಒಲೆಗೆ ಸೌದೆ ಒಡ್ಡುತ್ತಾ ಹಗಲು ರಾತ್ರಿ ಶಾಖ ಕಾಯಬೇಕು. ಬೆವರದ ಮನುಷ್ಯ ಆ ಹೊತ್ತಿನಲ್ಲಿ ಅಲ್ಲಿ ಸಿಕ್ಕುವುದಿಲ್ಲ. ಹನಗೋಡಿನ ಪುಟ್ಟಸ್ವಾಮಿ ಬೆಳಗಿನ ಊಟಕ್ಕೆ ಮುಂಚೆ ಒಲೆಯ ಮುಂದೆ ಕುಕ್ಕರಿಸಿ ಕುಳಿತಾಗ ಮೈಯೆಲ್ಲ ನೆನೆದದ್ದನ್ನು ಯಾರೂ ಗಮನಿಸದೇ ಇದ್ದದ್ದು ಅದಕ್ಕೇ. ವಾಂತಿ ಮಾಡಿದ ಮೇಲೆ ಅಣ್ಣ ಕರೀಗೌಡ ಅವನನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಬಂದ. ಜೊತೆಗೆ ಹೆಂಡತಿ ಜಯಮ್ಮ.

“ಬ್ಯಾರನ್ ಜಳ ಒಡ್ದದೆ ಕಣವ್ವ” ಎಂದ ಕರೀಗೌಡ. “ಒಂದ್ ಗ್ಲೂಕೋಸ್ ಆಕ್ ಕಳ್ಸಿ. ಒಲೆ ಉರೀತಾ ಅದೆ, ಎಲೆ ಕೆಟ್ಟೋಯ್ತದೆ.”

ಪುಟ್ಟಸ್ವಾಮಿ ಮುಷ್ಟಿಯನ್ನು ಎದೆಯ ನಡುವೆ ಒತ್ತಿಕೊಂಡಿದ್ದ. ಬೆರಳಿನ ತುದಿಯಲ್ಲಿ ತಂಬಾಕಿನ ಅಂಟು ಕಪ್ಪಗೆ ಮೆತ್ತಿಕೊಂಡಿತ್ತು. ಇ.ಸಿ.ಜಿ. ಯಂತ್ರದಿಂದ ಕಾಗದ ಹೊರಬರುತ್ತಿದ್ದಂತೆ ಏಲಿಯಮ್ಮ ನನ್ನ ಕಡೆ ನೋಡಿದರು. ತಗ್ಗಿ ಸಮನಾಗಿರಬೇಕಾದ ಗೆರೆ ಹೆಡೆಯೆತ್ತಿ ನಿಂತಿತ್ತು. ಹೃದಯದ ಮುಂಭಾಗ. ನಂಜೇಗೌಡನದ್ದೂ ಹೀಗೇ ಇತ್ತು. ವ್ಯತ್ಯಾಸ ಒಂದೇ, ಇವನು ನೋವು ಹುಟ್ಟಿದ ಸ್ವಲ್ಪ ಹೊತ್ತಿಗೇ ಬಂದಿದ್ದ.

ಆಸ್ಪಿರಿನ್ ಅಗಿಸಿ ನುಂಗಿಸಿದೆ. ನೋವಿಗೆ ಇಂಜೆಕ್ಷನ್ ಕೊಟ್ಟು ರಾಯರ ಹತ್ತಿರ ಓಡಿದೆ. ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ವಾದಿಸಲಿಲ್ಲ.

“ಮನೆಯವರಿಗೆ ಎಲ್ಲ ಹೇಳಿದಿರಾ? ಒಳ್ಳೇದಷ್ಟೇ ಅಲ್ಲ, ಎಲ್ಲ?”

ವರಾಂಡದಲ್ಲಿ ಅಣ್ಣನನ್ನೂ ಹೆಂಡತಿಯನ್ನೂ ನಿಲ್ಲಿಸಿಕೊಂಡು ಹೇಳಿದೆ. ಇದು ಜಳವಲ್ಲ, ಹೃದಯದ ನಾಳ ಕಟ್ಟಿದೆ. ಕರಗಿಸುವ ಔಷಧಿ ಇದೆ. ಕೆಲಸ ಮಾಡಿದರೆ ಹೃದಯ ಉಳಿಯುತ್ತದೆ. ಆದರೆ ಅಪರೂಪಕ್ಕೆ ತಲೆಯಲ್ಲಿ ರಕ್ತಸ್ರಾವ ಆಗಬಹುದು, ಹಾಗಾದರೆ ಪ್ರಾಣಕ್ಕೇ ಬರಬಹುದು.

ಕರೀಗೌಡ ಸಿಡಿದ. “ತಲೆ ಒಡೆಯೋ ಔಸ್ತಿ ಯಾವೋನ್ಗ್ ಬೇಕು? ಮೈಸೂರ್ಗೇ ಒಯ್ತೀವಿ, ಬುಡಿ. ಏಯ್ ಜಯಾ, ಹತ್ತು ಗಾಡಿಯ!”

“ಕರ್ಕೊಂಡು ಹೋಗಿ, ನಾನು ತಡೆಯಲ್ಲ. ಆದರೆ ದಾರಿಯಲ್ಲಿ ಕಳೆಯೋ ಒಂದೊಂದು ಗಳಿಗೆಯೂ ಅವರ ಹೃದಯದ ಮಾಂಸ ಸಾಯ್ತಾ ಇರುತ್ತೆ.”

ಅವನು ಒಳಗೆ ನುಗ್ಗಿ ತಮ್ಮನ ಕೈಹಿಡಿದು ಎಬ್ಬಿಸಲು ಹೋದ. ಆಗ ಜಯಮ್ಮ ಅಡ್ಡ ಬಂದಳು. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

“ಭಾವ, ತಡೀರಿ.” ನನ್ನ ಕಡೆ ತಿರುಗಿದಳು. “ಔಸ್ತಿ ಕೊಡ್ದೆ, ಅಂಗೇ ಉಳ್ಕಂಡ್ರೆ, ಎಂಗಿರ್ತಾರೆ?”

“ಉಳಿಯಬಹುದು. ಮೊದಲಿನ ಹಾಗೆ ಆಗೋದು ಕಷ್ಟ.”

“ಅಂದ್ರೆ, ಮೂಲೇಲ್ ಕುಂತಿರ್ತಾರಾ?”

ನಾನು ಹೌದೆಂದು ತಲೆಯಾಡಿಸಿದೆ.

“ಅವ್ರು ಕುಂತ್ಕಳೋ ಗಂಡ್ಸಲ್ಲ. ಕೊಡಿ” ಎಂದಳು. ಕರೀಗೌಡ ಏನೋ ಹೇಳಲು ಬಾಯಿ ತೆರೆದ. “ಏನಾರ ಆದ್ರೆ ನನ್ ಬಯ್ರಿ ಭಾವ, ಡಾಕ್ಟ್ರಮ್ಮನ್ ಬಯ್ಬೇಡಿ” ಎಂದಳು. ಅವನು ಹೊರಗೆ ಹೋಗಿ ಟ್ರ್ಯಾಕ್ಟರಿನ ಇಂಜಿನ್ ನಿಲ್ಲಿಸಿದ.

ರಾಯರು ಫ್ರಿಜ್ಜಿನ ಬೀಗ ತೆಗೆದು ಸೀಸೆ ಕೊಟ್ಟರು. ನಾನು ಔಷಧಿ ಬೆರೆಸುವಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯಿಂದ ತಾವೇ ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ತಳ್ಳಿಕೊಂಡು ಬಂದರು. ಅದನ್ನು ಮಂಚದ ಪಕ್ಕದಲ್ಲೇ ನಿಲ್ಲಿಸಿ, ಚಾಲೂ ಮಾಡಿ ಪರೀಕ್ಷಿಸಿ, ಹೃದಯದ ಗೆರೆ ಅದರ ಪರದೆಯಲ್ಲಿ ಕಾಣುವಂತೆ ಎದೆಗೆ ತಂತಿ ಜೋಡಿಸಿದರು. ಕರೆಂಟ್ ನಂಬುವ ಹಾಗಿಲ್ಲವೆಂದು ಜನರೇಟರ್ ಹಾಕಿಸಿದರು. ಆಗಬೇಕಿದ್ದ ಹರ್ನಿಯಾ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು.

“ನೀವು ಡ್ರಿಪ್ ನೋಡಿಕೊಳ್ಳಿ. ನಾನು ಇಲ್ಲೇ ಇರ್ತೀನಿ.”

ಔಷಧಿ ಹನಿಹನಿಯಾಗಿ ಇಳಿಯತೊಡಗಿತು. ಮೊದಲು ಅವನಿಗೆ ಚಳಿ ಹಿಡಿದು ಹಲ್ಲು ಕಟಕಟಿಸಿತು. ಆಮೇಲೆ ಏಲಿಯಮ್ಮ ರಕ್ತದೊತ್ತಡದ ಪಟ್ಟಿಯನ್ನು ಊದಿಸಿ, ಇಳಿಸಿ, ಮತ್ತೆ ಊದಿಸಿದರು.

“ಮೇಡಂ, ಬಿ.ಪಿ. ಬೀಳ್ತಾ ಇದೆ ಕೇಟ್ಟೋ.” ಅವಸರದಲ್ಲಿ ಅವರ ಬಾಯಿಗೆ ಮಲಯಾಳ ಬರುತ್ತಿತ್ತು.

ಕಾಲ ಕೆಳಗೆ ದಿಂಬು ಇಡಿಸಿ ಹನಿಯನ್ನು ನಿಧಾನ ಮಾಡಿದೆ. ಪೂರ್ತಿ ನಿಲ್ಲಿಸಿದರೆ ನಾಳ ತೆರೆಯುವುದಿಲ್ಲ. ನಿಲ್ಲಿಸದಿದ್ದರೆ ಒತ್ತಡ ಕುಸಿದು ಹೋಗಬಹುದು. ಕಾಯುವ ಆ ಹೊತ್ತು ಈಗಲೂ ನನ್ನ ಮೈಯಲ್ಲಿದೆ. ಏಲಿಯಮ್ಮ ಮತ್ತೆ ಮತ್ತೆ ಒತ್ತಡ ಹೇಳುತ್ತಿದ್ದರು, ಅದು ಸ್ವಲ್ಪ ಸ್ವಲ್ಪವಾಗಿ ಏರಿತು. ನಾನು ಹನಿಯನ್ನು ಮತ್ತೆ ಜೋರು ಮಾಡಿದೆ. ಸೀಸೆ ಮುಕ್ಕಾಲು ಖಾಲಿಯಾಗುವ ಹೊತ್ತಿಗೆ ಪುಟ್ಟಸ್ವಾಮಿ ಮುಷ್ಟಿ ಬಿಚ್ಚಿದ.

“ಅಗ್ಗ ಬುಚ್ಚಿದಂಗಾಯ್ತು ಕಣವ್ವ” ಎಂದ. ಎದೆಗೆ ಬಿಗಿದ ಹಗ್ಗವನ್ನು ಯಾರೋ ಬಿಚ್ಚಿದ ಹಾಗೆ ಎಂದು.

ಪರದೆಯ ಮೇಲೆ ಹೆಡೆಯೆತ್ತಿದ್ದ ಗೆರೆ ತಗ್ಗುತ್ತಿತ್ತು. ಏಲಿಯಮ್ಮ ಕೊರಳ ಶಿಲುಬೆ ಮುಟ್ಟಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದ ಜಯಮ್ಮನಿಗೆ ಏನೋ ಹೇಳಲು ತಿರುಗಿದೆ. ಆಗ ಹಿಂದಿನಿಂದ ರಾಯರ ಕೂಗು ಕೇಳಿತು.

ಪುಟ್ಟಸ್ವಾಮಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಪರದೆಯ ಮೇಲೆ ಗೆರೆ ಗೆರೆಯಾಗಿ ಉಳಿದಿರಲಿಲ್ಲ, ಮಗು ಸ್ಲೇಟಿನ ಮೇಲೆ ಗೀಚಿದ ಹಾಗಿತ್ತು. ನಾಡಿ ಇಲ್ಲ. ಹೃದಯ ಬಡಿಯುತ್ತಿಲ್ಲ, ಸುಮ್ಮನೆ ನಡುಗುತ್ತಿದೆ.

ಇದನ್ನು ಓದುವ ಕಿರಿಯರು ಒಂದು ವಿಷಯ ನೆನಪಿಡಬೇಕು. ರಕ್ತ ನಿಂತಾಗ ಮಾತ್ರ ಹೃದಯದ ಮಾಂಸಕ್ಕೆ ಪೆಟ್ಟಲ್ಲ. ನಿಂತ ರಕ್ತ ಮರಳಿ ನುಗ್ಗುವಾಗಲೂ ಪೆಟ್ಟು ಬೀಳಬಹುದು. ಉಸಿರುಗಟ್ಟಿ ಕಂಗೆಟ್ಟಿರುವ ಮಾಂಸಕ್ಕೆ ಒಮ್ಮೆಲೇ ರಕ್ತ ಸಿಕ್ಕಿದರೆ ಅದರೊಳಗಿನ ವಿದ್ಯುತ್ತಿನ ಓಟ ದಿಕ್ಕು ತಪ್ಪುತ್ತದೆ. ನಾಳ ತೆರೆಯಿತೆಂದು ನಾವು ನಗುವ ಗಳಿಗೆಯಲ್ಲೇ ಹೃದಯ ಕೈಕೊಡಬಹುದು.

“ಎಲ್ಲ ದೂರ! ಮಂಚ ಮುಟ್ಟಬೇಡಿ!” ರಾಯರ ಕೈಯಲ್ಲಿ ಆಗಲೇ ಯಂತ್ರದ ಹಿಡಿಗಳಿದ್ದವು. ಮೊದಲ ಹೊಡೆತಕ್ಕೆ ಪುಟ್ಟಸ್ವಾಮಿಯ ಮೈ ಜಗ್ಗಿ ಬಿತ್ತು. ಗೀಚು ಹಾಗೇ ಇತ್ತು. ಜಯಮ್ಮ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ನಾನು ಎದೆಯನ್ನು ಒತ್ತುತ್ತಿದ್ದೆ. “ತೆಗೀರಿ ಕೈ!” ಎಂದರು ರಾಯರು. ಎರಡನೆಯ ಹೊಡೆತ. ಪರದೆಯ ಮೇಲೆ ಒಂದು ಚಪ್ಪಟೆ ಗೆರೆ. ಅದು ಎಷ್ಟು ಉದ್ದಕ್ಕೆ ಹರಿಯಿತೋ! ಆಮೇಲೆ ಒಂದು ಬಡಿತ. ಬಹಳ ಹೊತ್ತಾದ ಮೇಲೆ ಎಂಬಂತೆ ಇನ್ನೊಂದು. ಆಮೇಲೆ ಸಾಲಾಗಿ.

ಪುಟ್ಟಸ್ವಾಮಿ ಕಣ್ಣುಬಿಟ್ಟು ಸುತ್ತ ನೋಡಿ, ಬಿಳಿಕೋಟಿನ ರಾಯರ ಮೇಲೆ ದೃಷ್ಟಿ ನಿಲ್ಲಿಸಿ, “ಎದೆಗ್ ಒದ್ದೋರ್ ಯಾರು?” ಎಂದು ಕೇಳಿದ. ಜಯಮ್ಮ ಅಲ್ಲೇ ನೆಲಕ್ಕೆ ಕುಸಿದು ಕುಳಿತು, ಅಳುತ್ತಾ ನಗುತ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರಾಯರು ಸ್ಟೂಲಿನ ಮೇಲೆ ಕುಳಿತರು. ನಾನು ಔಷಧಿಯ ಬಗ್ಗೆ ಓದಿದ್ದೆ, ಅವರು ಅದಕ್ಕೆ ಹೆದರಿದ್ದರು. ಆ ಹೆದರಿಕೆಯೇ ಯಂತ್ರವನ್ನು ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿತ್ತು. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಫ್ರಿಜ್ಜಿನ ಕೀಲಿ ತೆಗೆದು ಏಲಿಯಮ್ಮನ ಕೈಗೆ ಕೊಟ್ಟರು. “ಇನ್ನೂ ನಾಲ್ಕು ಸೀಸೆ ತರಿಸಿ” ಎಂದರು.

ಪುಟ್ಟಸ್ವಾಮಿ ಮುಂದಿನ ವರ್ಷ ಬ್ಯಾರನ್ನಿಗೆ ಬೆಂಕಿ ಒಡ್ಡಿದ. ಬೀಡಿ ಬಿಡು ಎಂದು ನಾನು ಹೇಳಿದಾಗಲೆಲ್ಲ, “ಬೆಳೆಯೋನೇ ಸೇದ್ನಿಲ್ಲ ಅಂದ್ರೆ ಕೊಳ್ಳೋರ್ ಯಾರವ್ವ?” ಎಂದು ನಗುತ್ತಿದ್ದ. ಆದರೆ ಬಿಟ್ಟ. ಬಿಡಿಸಿದವಳು ಜಯಮ್ಮ.

ರಾಯರು ಹೆದರಿದ್ದು ಒಂದು ಸಲ ನಿಜವೂ ಆಯಿತು. ಅದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಪಿರಿಯಾಪಟ್ಟಣದ ಕಡೆಯ ಒಬ್ಬ ನಿವೃತ್ತ ಮೇಷ್ಟರು. ಔಷಧಿ ಕೊಡಬಾರದ ಕಾರಣಗಳು ಯಾವುವೂ ಇರಲಿಲ್ಲ, ಕೇಳಬೇಕಾದ್ದನ್ನೆಲ್ಲ ಕೇಳಿದ್ದೆವು. ನಾಳ ತೆರೆಯಿತು, ನೋವು ಹೋಯಿತು, ಮಗನ ಜೊತೆ ಮಾತಾಡುತ್ತಾ ಮಲಗಿದ್ದರು. ಸಂಜೆ ಮಾತು ತೊದಲಿತು. ಎಡಗೈ ಏಳಲಿಲ್ಲ. ಮೈಸೂರಿಗೆ ಸಾಗಿಸಿದರೂ ಉಳಿಯಲಿಲ್ಲ. ರಾಯರು ‘ನಾನು ಹೇಳಿರಲಿಲ್ಲವೇ’ ಎನ್ನಲಿಲ್ಲ. ನನ್ನ ಜೊತೆ ಮೇಷ್ಟರ ಮನೆಗೆ ಬಂದು, ಜಗುಲಿಯ ಮೇಲೆ ಕುಳಿತು, ಆ ಮಗ ಬೈಯುವಷ್ಟನ್ನೂ ಬೈದು ಮುಗಿಸುವವರೆಗೆ ಕೇಳಿಸಿಕೊಂಡರು. ಹಿಂದಿರುಗುವಾಗ ಜೀಪಿನಲ್ಲಿ, “ನಾಳೆ ಇನ್ನೊಬ್ಬ ಬಂದರೆ ಕೊಡ್ತೀರಾ?” ಎಂದು ಕೇಳಿದರು. “ಕೊಡ್ತೀನಿ ಸರ್” ಎಂದೆ. “ಕೊಡಿ. ನಿಂತ್ಕೊಂಡು ನೋಡಿ ಕೊಡಿ” ಎಂದರು. ಅದರ ಮರುವರ್ಷ ಅವರು ನಿವೃತ್ತರಾದರು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಕೆಲಸದ ರೀತಿ ಬದಲಾಯಿತು. ಹಾಸಿಗೆಯಲ್ಲಿ ವಾರಗಟ್ಟಲೆ ಮಲಗಿಸುವುದು ನಿಂತಿತು. ಎಚ್.ಡಿ. ಕೋಟೆಯಿಂದ ಭೇರ್ಯದವರೆಗೆ ಊರೂರಿಗೆ ಹೋಗಿ, ಎದೆ ಹಿಂಡಿದಂತಾದರೆ ಆಸ್ಪಿರಿನ್ ಅಗಿದು ನುಂಗಿ ಕೂಡಲೇ ಹೊರಡಿ ಎಂದು ಹೇಳುತ್ತಿದ್ದೆವು. ಜನ ಅರ್ಧ ಮಾತ್ರ ಹಿಡಿದುಕೊಂಡರು. ಕೋಟೆ ಕಡೆಯ ಒಬ್ಬ ಮಾತ್ರೆ ಅಗಿದು, ನೋವು ಕಮ್ಮಿಯಾಯಿತೆಂದು ಹೊಲಕ್ಕೆ ಹೋಗಿ, ಮರುದಿನ ಬಂದ. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಅಂದಿನಿಂದ ಸಭೆಗಳಲ್ಲಿ ಮಾತ್ರೆಯ ವಿಷಯ ಆಮೇಲೆ, ಗಾಡಿಯ ವಿಷಯ ಮೊದಲು ಹೇಳತೊಡಗಿದೆವು.

ನನ್ನ ನೆನಪಿನಲ್ಲಿ ಎಲ್ಲರಿಗಿಂತ ಹತ್ತಿರ ಉಳಿದಿರುವವರು ಕಂಪಲಾಪುರದ ಶಾರದಮ್ಮ. ಗಂಡ ತೀರಿದ ಮೇಲೆ ರಸ್ತೆ ಬದಿಯಲ್ಲಿ ಇಡ್ಲಿ, ಚಿತ್ರಾನ್ನದ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಅವರನ್ನು ನಾನು ನೋಡಿದ್ದು ಆಸ್ಪತ್ರೆಯ ಒಳಗಲ್ಲ, ಗೇಟಿನ ಹೊರಗೆ ಮೋರಿಯ ಕಟ್ಟೆಯ ಮೇಲೆ. ಊಟ ಮುಗಿಸಿ ಬರುತ್ತಿದ್ದೆ. ಒಬ್ಬ ಹೆಂಗಸು ಬಸ್‌ಸ್ಟಾಪಿನ ಕಡೆ ನಾಲ್ಕು ಹೆಜ್ಜೆ ಹಾಕುವುದು, ಕೂರುವುದು, ದವಡೆ ಉಜ್ಜಿಕೊಳ್ಳುವುದು. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು.

“ಯಾಕಮ್ಮ ಕೂತ್ಕೊಂಡ್ರಿ?”

“ಏನಿಲ್ಲ ಕಣ್ ಡಾಕ್ಟ್ರಮ್ಮ, ದವ್ಡೆ ಸೆಳೀತದೆ. ತೋಳೂ ಜೋಮು. ಒಳ್ಗೆ ತೋರುಸ್ದೆ, ಗ್ಯಾಸ್ ಅಂದ್ರು, ಸೂಜಿ ಆಕುದ್ರು.”

“ಎದೆಗೆ ವೈರ್ ಹಚ್ಚಿ ಪಟ್ಟಿ ತೆಗೆದ್ರಾ?”

“ಇಲ್ಲ. ಎದೆ ನೋಯಾಕಿಲ್ವಲ್ಲ.”

ಡ್ಯೂಟಿಯಲ್ಲಿದ್ದ ಹೊಸ ವೈದ್ಯ ಒಳ್ಳೆಯ ಹುಡುಗ. ಹೃದಯಾಘಾತ ಎಂದರೆ ಎದೆ ಹಿಡಿದ ಗಂಡಸು ಎಂಬ ಚಿತ್ರ ಅವನ ತಲೆಯಲ್ಲಿತ್ತು. ಆಗ ಬಹಳ ಜನರ ತಲೆಯಲ್ಲಿತ್ತು. ನಾನು ಶಾರದಮ್ಮನ ಮುಂಗೈ ಹಿಡಿದೆ. ತಣ್ಣಗಿತ್ತು. ದೂರದಲ್ಲಿ ಬಸ್ಸು ಕಾಣಿಸಿತು, ಅವರು ಎದ್ದರು.

“ಒಲೆ ಮ್ಯಾಲೆ ಸಾಂಬಾರ್ ಇಟ್ಟು ಬಂದಿವ್ನಿ. ಮಗ್ಳು ಒಬ್ಳೇ ಅವ್ಳೆ. ನಾಳೀಕ್ ಬತ್ತೀನಿ ಬುಡಿ.”

“ನಾಳೆ ಬೇಡ, ಈಗ.” ನಾನು ಕೈ ಬಿಡಲಿಲ್ಲ. ಬಸ್ಸು ನಿಂತಿತು, ಕಂಡಕ್ಟರ್ ಶಿಳ್ಳೆ ಹಾಕಿದ. ಅವರು ಬಸ್ಸಿನ ಕಡೆ ಎಳೆದರೆ ನಾನು ಗೇಟಿನ ಕಡೆ ಎಳೆದೆ. ಜಗಳ ಎಂದುಕೊಂಡು ಜನ ಕಿಟಕಿಯಿಂದ ಇಣುಕಿದರು. ಹೊರಡು ಎಂದು ನಾನೇ ಕಂಡಕ್ಟರನಿಗೆ ಕೈಬೀಸಿದೆ. ಬಸ್ಸು ಹೋದಮೇಲೆ ಶಾರದಮ್ಮ ಕೋಪದಿಂದ ನನ್ನನ್ನು ನೋಡಿದರು. ಆಮೇಲೆ ಅವರ ಕಾಲು ಸೋತಿತು.

ಇ.ಸಿ.ಜಿ. ನೋಡಿದ ಹೊಸ ವೈದ್ಯನ ಮುಖ ಬಿಳಿಚಿಕೊಂಡಿತು. ಅವನಿಗೆ ಹೇಳಬೇಕಾದ್ದನ್ನು ಆಮೇಲೆ ಹೇಳಿದರಾಯಿತು ಎಂದುಕೊಂಡು ಔಷಧಿ ತರಲು ಏಲಿಯಮ್ಮನಿಗೆ ಹೇಳಿದೆ. ಬೆರೆಸುವ ಮುಂಚೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳುತ್ತಾ ಹೋದೆ. ತಲೆಗೆ ಪೆಟ್ಟು? ಇಲ್ಲ. ಲಕ್ವ? ಇಲ್ಲ. ಆಪರೇಷನ್? ಇಲ್ಲ. ಮಲ ಕಪ್ಪಗೆ ಹೋಗಿತ್ತಾ?

“ಹೋದ್ವಾರ ಹೋಯ್ತು. ಡಾಂಬರ್ ಇದ್ದಂಗೆ. ತಲೆ ಸುತ್ತಿ ಬಿದ್ದಿದ್ದೆ.”

ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ತಿಂದಿದ್ದರು. ಹೊಟ್ಟೆಯಲ್ಲಿ ಹುಣ್ಣು ಒಡೆದಿತ್ತು. ಈ ಔಷಧಿ ಕೊಟ್ಟರೆ ಆ ಹುಣ್ಣಿನ ಮೇಲೆ ಕಟ್ಟಿರುವ ಹೆಪ್ಪೂ ಕರಗುತ್ತದೆ. ಏಲಿಯಮ್ಮ ಸೀಸೆ ಹಿಡಿದುಕೊಂಡು ನಿಂತಿದ್ದರು. “ಇಡಿ ಸಿಸ್ಟರ್” ಎಂದೆ.

ಉಳಿದದ್ದು ಒಂದೇ ದಾರಿ. ಮೈಸೂರಿನಲ್ಲಿ ತೊಡೆಯಿಂದ ತಂತಿ ಹಾಯಿಸಿ ನಾಳ ತೆರೆಯುವ ಕೋಣೆ ಆಗ ಬಂದಿತ್ತು. ಫೋನ್ ಮಾಡಿದೆ, ಸಿದ್ಧವಾಗಿರುತ್ತೇವೆ ಎಂದರು. ಏಲಿಯಮ್ಮನೂ ನಾನೂ ಆಂಬ್ಯುಲೆನ್ಸ್ ಹತ್ತಿದೆವು. ಶಾರದಮ್ಮನ ಮಗಳು ಸವಿತಾಳಿಗೆ ಹೇಳಿ ಕಳಿಸಿ, ನೇರ ಮೈಸೂರಿಗೆ ಬರಲು ತಿಳಿಸಿದೆವು.

ಹುಣಸೂರು ದಾಟಿದ ಮೇಲೆ ತಂಬಾಕು ಹೊತ್ತ ಲಾರಿಗಳು ಸಾಲುಗಟ್ಟಿದ್ದವು. ಸೈರನ್ ಕೇಳಿದರೂ ಸರಿಯಲು ಜಾಗವಿರಲಿಲ್ಲ. ಚಾಲಕ ಮಣ್ಣಿನ ಬದಿಗೆ ಇಳಿಸಿ ಓಡಿಸಿದ. ಪ್ರತಿ ಗುಂಡಿಗೂ ಶಾರದಮ್ಮ ನರಳುತ್ತಿದ್ದರು. ಬಿಳಿಕೆರೆ ಹತ್ತಿರ ನರಳುವುದು ನಿಂತಿತು. ಅದು ನನಗೆ ಇನ್ನೂ ಹೆದರಿಕೆ ತಂದಿತು. ನಾಡಿ ಬೆರಳಿಗೆ ತಡವಾಗಿ, ತಡವಾಗಿ ಸಿಗುತ್ತಿತ್ತು.

“ಶಾರದಮ್ಮ! ಕಣ್ಣು ಬಿಡಿ! ನನ್ ಜೊತೆ ಮಾತಾಡಿ!”

ಏಲಿಯಮ್ಮ ಅಲುಗಾಡುವ ಗಾಡಿಯಲ್ಲೇ ಮಂಡಿಯೂರಿ ಇಂಜೆಕ್ಷನ್ ಕೊಟ್ಟರು. ನಾವಿಬ್ಬರೂ ಆ ಮುಂಗೈಯನ್ನೇ ನೋಡುತ್ತಿದ್ದೆವು. ಇಲವಾಲ ಬರುವ ಹೊತ್ತಿಗೆ ನಾಡಿ ಸ್ವಲ್ಪ ಚುರುಕಾಯಿತು. ಶಾರದಮ್ಮ ತುಟಿ ಅಲ್ಲಾಡಿಸಿದರು. ಬಗ್ಗಿ ಕಿವಿಗೊಟ್ಟೆ.

“ಒಲೆ ಆರ್ಸಾಕ್ ಏಳಿದ್ರಾ ಮಗೀಗೆ?”

“ಹೇಳಿದೀವಮ್ಮ.”

ಮೈಸೂರಿನಲ್ಲಿ ಕಾಯದೆ ಒಳಗೆ ಕರೆದೊಯ್ದರು. ಗಾಜಿನ ಹೊರಗೆ ನಾನೂ ಏಲಿಯಮ್ಮನೂ ನಿಂತೆವು. ಆಮೇಲೆ ಸವಿತಾ ಓಡಿ ಬಂದಳು, ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿತ್ತು. ಒಳಗಿದ್ದ ಹೃದ್ರೋಗ ತಜ್ಞರು ನಾಳ ತೆರೆದರು. ಪರದೆಯಲ್ಲಿ ಬಣ್ಣದ ದ್ರವ ಕಟ್ಟೆಯೊಡೆದು ಮುಂದೆ ಹರಿದದ್ದನ್ನು ನಾನೂ ಕಂಡೆ. ಸವಿತಾಳ ಭುಜ ತಟ್ಟಿದೆ. ಆದರೆ ತಜ್ಞರು ತಲೆಯೆತ್ತಲಿಲ್ಲ. ಇನ್ನೊಮ್ಮೆ ದ್ರವ ಬಿಟ್ಟು ನೋಡಿದರು. ಮತ್ತೊಮ್ಮೆ. ಬಹಳ ಹೊತ್ತಿನ ಮೇಲೆ ಹೊರಗೆ ಬಂದರು.

“ನಾಳ ತೆರೆದಿದೆ ಮೇಡಂ. ಆದರೆ ರಕ್ತ ಮಾಂಸದೊಳಗೆ ಇಳೀತಾ ಇರಲಿಲ್ಲ. ನಾಳಕ್ಕೇ ಔಷಧಿ ಕೊಟ್ಟೆ. ಈಗ ಸ್ವಲ್ಪ ಇಳೀತಿದೆ. ಎಷ್ಟು ಉಳೀತು ಅಂತ ಇವತ್ತು ಹೇಳೋಕೆ ಆಗಲ್ಲ.”

ದೊಡ್ಡ ನಾಲೆ ತೆರೆದರೂ ಗದ್ದೆಯೊಳಗಿನ ಸಣ್ಣ ಸಣ್ಣ ಕಾಲುವೆಗಳು ಹೂಳು ತುಂಬಿ ಮುಚ್ಚಿಕೊಂಡಿದ್ದರೆ ನೀರು ಬುಡಕ್ಕೆ ಹೋಗುವುದಿಲ್ಲ. ಕೂದಲಿಗಿಂತ ತೆಳುವಾದ ರಕ್ತನಾಳಗಳು ಊದಿಕೊಂಡು ಮುಚ್ಚಿದ್ದವು. ನಾಳ ತೆರೆದರೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದ ನನಗೆ ಆ ಸಂಜೆ ಇನ್ನೊಂದು ಪಾಠವಾಯಿತು.

ಶಾರದಮ್ಮ ಉಳಿದರು. ಮನೆಗೆ ಕಳಿಸುವ ಮುಂಚೆ ಎಕೋ ಯಂತ್ರದಲ್ಲಿ ಹೃದಯವನ್ನು ನೋಡಿದಾಗ ಮುಂಭಾಗದ ಗೋಡೆ ಅಲುಗಾಡುತ್ತಲೇ ಇರಲಿಲ್ಲ. ಉಳಿದ ಭಾಗ ಎಳೆದಾಡುತ್ತಿತ್ತು, ಅದು ಮಾತ್ರ ಹಲಗೆಯ ಹಾಗೆ ನಿಂತಿತ್ತು. ಅದು ಸತ್ತಿದೆಯೋ, ಪೆಟ್ಟಿಗೆ ಮರಗಟ್ಟಿದೆಯೋ ಪರದೆಯಲ್ಲಿ ತಿಳಿಯುವುದಿಲ್ಲ. ಸತ್ತದ್ದು ಮತ್ತೆ ಏಳುವುದಿಲ್ಲ. ಮರಗಟ್ಟಿದ್ದು ವಾರ, ತಿಂಗಳುಗಳಲ್ಲಿ ಎಚ್ಚರಗೊಳ್ಳಬಹುದು. ಕಾಯಬೇಕು. ಮಾತ್ರೆಗಳನ್ನು ಬರೆದುಕೊಟ್ಟೆವು. ಒಲೆಯ ಮುಂದೆ ನಿಲ್ಲಬೇಡಿ, ರುಬ್ಬಬೇಡಿ, ಕೊಡ ಎತ್ತಬೇಡಿ ಎಂದೆವು. ಸವಿತಾ ಹೋಟೆಲಿನ ಬಾಗಿಲು ಹಾಕಿದಳು. ಶಾರದಮ್ಮ ಮೆಟ್ಟಿಲ ಮೇಲೆ ಕುಳಿತು ರಸ್ತೆ ನೋಡುತ್ತಾರೆ, ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದು ಅವಳು ಬಂದು ಹೇಳುತ್ತಿದ್ದಳು. ಹೊಸ ವೈದ್ಯ ಪ್ರತಿ ವಾರ ಕಂಪಲಾಪುರಕ್ಕೆ ಹೋಗಿ ಅವರ ನಾ‌ಡಿ, ಒತ್ತಡ ನೋಡಿ ಬರುತ್ತಿದ್ದ. ನಾನು ಅವನಿಗೆ ಹೇಳಬೇಕೆಂದಿದ್ದ ಮಾತನ್ನು ಹೇಳುವ ಅಗತ್ಯವೇ ಬೀಳಲಿಲ್ಲ.

ಕೆಲವು ತಿಂಗಳು ಕಳೆದು ನಮ್ಮ ಆಸ್ಪತ್ರೆಗೂ ಎಕೋ ಯಂತ್ರ ಬಂದ ಮೇಲೆ ಶಾರದಮ್ಮನನ್ನು ಕರೆಸಿದೆ. ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಜೆಲ್ಲಿ ಹಚ್ಚಿ, ಕೋಣೆಯ ದೀಪ ಆರಿಸಿದೆ. ಸವಿತಾ, ಏಲಿಯಮ್ಮ, ಹೊಸ ವೈದ್ಯ ಮೂವರೂ ನನ್ನ ಬೆನ್ನ ಹಿಂದೆ ನಿಂತಿದ್ದರು. ಪರದೆಯಲ್ಲಿ ಬೂದುಬಣ್ಣದ ಹೃದಯ ಮೂಡಿತು. ಮುಂಭಾಗದ ಗೋಡೆ ಎಲ್ಲಿದೆ ಎಂದು ಹುಡುಕಿದೆ. ಹಿಡಿಯನ್ನು ಸ್ವಲ್ಪ ತಿರುಗಿಸಿದೆ. ಉಸಿರು ಬಿಟ್ಟು ಹಿಡಿಯಲು ಹೇಳಿದೆ. ನನ್ನ ಕಣ್ಣನ್ನೇ ನಂಬದೆ ಮತ್ತೊಂದು ಕಡೆಯಿಂದ ನೋಡಿದೆ. ತುದಿಯ ಒಂದು ಭಾಗ ಸುಮ್ಮನಿತ್ತು. ಆದರೆ ಅದರ ಮೇಲಿನ ಉಳಿದ ಗೋಡೆಯೆಲ್ಲ ನಿಧಾನವಾಗಿ, ನಾಚಿಕೊಂಡ ಹಾಗೆ, ಒಳಕ್ಕೆ ಬಂದು ಹೊರಕ್ಕೆ ಹೋಗುತ್ತಿತ್ತು.

ನಾನು ಮಾತಾಡದೇ ಇದ್ದದ್ದಕ್ಕೆ ಶಾರದಮ್ಮನಿಗೆ ಗಾಬರಿಯಾಯಿತು.

“ಏನ್ ಕಾಣ್ತದೆ ಡಾಕ್ಟ್ರಮ್ಮ? ಏಳ್ಬುಡಿ, ಏನಾದ್ರೂ ಸರಿ.”

“ಗೋಡೆ ಅಲ್ಲಾಡ್ತಾ ಇದೆ ಶಾರದಮ್ಮ.”

ಅವರು ತಟ್ಟನೆ ತಲೆಯೆತ್ತಿದರು. “ಅಯ್ಯೋ! ಗೋಡೆ ಅಲ್ಲಾಡುದ್ರೆ ಮನೆ ಬಿದ್ದೋಯ್ತದಲ್ಲವ್ವ!”

“ಇಲ್ಲ ಕಣಮ್ಮ. ಇದೊಂದು ಮನೇಲಿ ಗೋಡೆ ಅಲ್ಲಾಡ್ಬೇಕು.”

ಏಲಿಯಮ್ಮ ಮೊದಲು ನಕ್ಕರು. ಸವಿತಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೊಸ ವೈದ್ಯನ ತೋಳನ್ನೇ ಹಿಡಿದುಕೊಂಡು ಅತ್ತಳು. ಶಾರದಮ್ಮ ಯಾರನ್ನೂ ನೋಡಲಿಲ್ಲ. ಪರದೆಯ ಕಡೆ ಕತ್ತು ತಿರುಗಿಸಿ, ತಮ್ಮದೇ ಹೃದಯವನ್ನು ಪಕ್ಕದ ಮನೆಯ ಕೂಸನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದರು. ಆಮೇಲೆ ಎದೆಯ ಜೆಲ್ಲಿಯನ್ನು ಸೆರಗಿನಿಂದ ಒರೆಸಿಕೊಂಡು ಎದ್ದು ಕುಳಿತು, ಮಗಳಿಗೆ ಹೇಳಿದರು:

“ಅಕ್ಕಿ ನೆನೆ ಆಕು ನಡಿ. ರುಬ್ಬೋದು ನೀನೇ ರುಬ್ಬು. ಇಡ್ಲಿ ಹುಯ್ಯೋದು ನಾನು.”